ಟಿಪ್ಸ್ ಬರೆಯುವವರಿಗೆ ನಮ್ಮವ್ವ ಗೊತ್ತಿಲ್ಲ

ಹೊಸದಾಗಿ ವಿದೇಶಕ್ಕೆ ಹೊರಟವರಿಗಾಗಿ ಕನ್ನಡದಲ್ಲಿ ಬರುವ ‘ಟಿಪ್ಸ್’ ಬರಹಗಳನ್ನು ನಾನು ಸುಮಾರು ಎರಡು ವರ್ಷದಿಂದ ಹುಡುಕಿ ಹುಡುಕಿ ಓದುತ್ತಿದ್ದೇನೆ. ಲಂಡನ್ನಿನಲ್ಲಿ ಮೊದಲ ವಾರ, ದುಬೈನಲ್ಲಿ ಮಾಡಬಾರದ ಹತ್ತು ಕೆಲಸ, ಸಿಂಗಪುರದ ಮೆಟ್ರೋ ಹತ್ತುವುದು ಹೇಗೆ, ಈ ಥರದವು. ಇವನ್ನು ಯಾರೂ ಸಾಹಿತ್ಯ ಅನ್ನಲ್ಲ, ಹಾಗಾಗಿ ಯಾರೂ ವಿಮರ್ಶೆನೂ ಮಾಡಲ್ಲ. ಆದರೆ ಯೋಚಿಸಿ ನೋಡಿ. ಕೆಟ್ಟ ಕಾದಂಬರಿ ಓದಿದರೆ ಎರಡು ಸಂಜೆ ಹಾಳಾಗುತ್ತವೆ, ಅಷ್ಟೇ. ಕೆಟ್ಟ ಟಿಪ್ಸ್ ನಂಬಿದವರು ಮನೆಯಿಂದ ಹೊರಗೆ ಬೀಳುವುದನ್ನೇ ಬಿಟ್ಟುಬಿಡಬಹುದು. ಓದುವವರ ದಿನಚರಿಗೆ ಇಷ್ಟು ನೇರವಾಗಿ ಕೈ ಹಾಕುವ ಬರಹವನ್ನು ಸ್ವಲ್ಪ ಕಟುವಾಗಿಯೇ ಓದಬೇಕು.

ನನ್ನ ತಕರಾರು ಇಷ್ಟು. ಈ ಬರಹಗಳೆಲ್ಲ ಒಬ್ಬನೇ ಓದುಗನನ್ನು ಎದುರಿಗೆ ಕೂರಿಸಿಕೊಂಡು ಬರೆದವು. ಅವನಿಗೆ ಇಪ್ಪತ್ತಾರು ವರ್ಷ, ಇಂಗ್ಲಿಷ್ ಬರುತ್ತದೆ, ಫೋನಿನ ತುಂಬ ಡೇಟಾ ಇದೆ, ಮೊಣಕಾಲು ಗಟ್ಟಿ ಇವೆ. ಅಂಥವನಿಗೆ ಇಂಗ್ಲಿಷಿನಲ್ಲೇ ರಾಶಿ ರಾಶಿ ಮಾಹಿತಿ ಬಿದ್ದಿದೆ. ಕನ್ನಡದಲ್ಲೇ ಬೇಕು ಅನ್ನುವವರು ಯಾರು? ಮಗ-ಸೊಸೆಯ ಮನೆಗೆ ಆರು ತಿಂಗಳ ವೀಸಾ ಮೇಲೆ ಹೋಗುವ ಬೈಲಹೊಂಗಲದ ಅವ್ವ, ಮಗಳ ಬಾಣಂತನಕ್ಕೆ ಹೋಗುವ ರಾಮದುರ್ಗದ ತಾಯಿ, ನಿವೃತ್ತರಾಗಿ ಮೊಮ್ಮಕ್ಕಳನ್ನು ನೋಡಲು ಹೊರಟ ಸವದತ್ತಿಯ ಮಾಸ್ತರರು. ಕನ್ನಡದ ಟಿಪ್ಸ್ ನಿಜವಾಗಿ ಬೇಕಾದದ್ದು ಇವರಿಗೆ. ಬರೆಯುವವರ ಕಣ್ಣಿಗೆ ಬೀಳದವರೂ ಇವರೇ.

ಹೊರದೇಶದ ಬಗ್ಗೆ ಬರೆಯುವುದರಲ್ಲಿ ಕನ್ನಡದವರು ಹಿಂದೆ ಬಿದ್ದಿಲ್ಲ. 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದ ವಿ.ಕೃ. ಗೋಕಾಕರು ‘ಸಮುದ್ರದಾಚೆಯಿಂದ’ ಬರೆದರು. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ ಇದೆ, ಬಿ.ಜಿ.ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’ ಇದೆ, ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾಯಾತ್ರೆ’ ಇದೆ. ‘ಅಮೇರಿಕದಲ್ಲಿ ಗೊರೂರು’ ಪುಸ್ತಕಕ್ಕಂತೂ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಇವುಗಳ ಓದುಗರಲ್ಲಿ ಹೆಚ್ಚಿನವರು ಆ ಊರುಗಳಿಗೆ ಹೊರಟವರಲ್ಲ. ಬರೆಯುವವರ ಕಣ್ಣಿನಿಂದಲೇ ಅವರು ಆ ದೇಶ ನೋಡಬೇಕಿತ್ತು. ಹಾಗಾಗಿ ಟಿಕೆಟ್ ಎಲ್ಲಿ ತೆಗೆಸಬೇಕು, ಯಾವ ಬಾಗಿಲಿನಿಂದ ಇಳಿಯಬೇಕು ಅನ್ನುವುದು ಅಲ್ಲಿ ಇರದಿದ್ದರೂ ನಡೆಯುತ್ತಿತ್ತು.

ಟಿಪ್ಸ್ ಓದುವವರು ಹಾಗಲ್ಲ. ಬ್ಯಾಗು ತುಂಬಿ ಹೊರಟು ನಿಂತವರು. ಅವರಿಗೆ ಬೇಕಾದದ್ದು ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಏನು ಮಾಡಬೇಕು ಅನ್ನುವುದು. ನಮ್ಮ ಟಿಪ್ಸ್ ಬರಹಗಾರರು ಪ್ರವಾಸ ಕಥನದಿಂದ ಅದರ ಬೆರಗನ್ನು ಮಾತ್ರ ಸಾಲ ತಂದಿದ್ದಾರೆ. ರಸ್ತೆ ಎಷ್ಟು ಸ್ವಚ್ಛ, ಜನ ಎಷ್ಟು ಶಿಸ್ತು ಅಂತ ನಾಲ್ಕು ಪ್ಯಾರಾ ಕಳೆದ ಮೇಲೆ ಬಸ್ಸಿನ ವಿಷಯ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ.

ಆ ಎರಡು ಸಾಲಾದರೂ ಸರಿ ಇರ್ತಾವಾ? ಲಂಡನ್ನಿನ ಬಗ್ಗೆ ಬಂದವುಗಳನ್ನೇ ತೆಗೆದುಕೊಳ್ಳೋಣ. ‘ರಸ್ತೆ ದಾಟುವಾಗ ಎಚ್ಚರ, ಇಲ್ಲಿ ವಾಹನಗಳು ನೀವು ನಿರೀಕ್ಷಿಸುವ ದಿಕ್ಕಿನಿಂದ ಬರುವುದಿಲ್ಲ’ ಅನ್ನುವ ಎಚ್ಚರಿಕೆ ಎಷ್ಟೋ ಕಡೆ ಸಿಗುತ್ತದೆ. ಅದು ಅಮೆರಿಕದವರಿಗೋ ಫ್ರಾನ್ಸಿನವರಿಗೋ ಹೇಳಬೇಕಾದ ಮಾತು. ಬ್ರಿಟನ್ನಿನಲ್ಲೂ ನಮ್ಮ ಹಾಗೆ ಎಡಗಡೆಯೇ ಗಾಡಿ ಓಡಿಸುತ್ತಾರೆ. ಬೈಲಹೊಂಗಲದ ಬಜಾರದಲ್ಲಿ ಯಾವ ಕಡೆ ನೋಡಿ ದಾಟುತ್ತೀರೋ ಅಲ್ಲೂ ಅದೇ ಕಡೆ ನೋಡಿ ದಾಟಬೇಕು. ಇಂಗ್ಲಿಷಿನ ಪಟ್ಟಿಯನ್ನು ಓದುಗ ಯಾರು ಅಂತ ಯೋಚಿಸದೆ ಕನ್ನಡಕ್ಕೆ ಇಳಿಸಿದ್ದರ ಗುರುತು ಇದು. ಇನ್ನೊಂದು, ‘ಸಿಗ್ನಲ್ ಇಲ್ಲದ ಕಡೆ ದಾಟಿದರೆ ದಂಡ’. ಲಂಡನ್ನಿನ ಬೀದಿಗಳಲ್ಲಿ ನಡೆದು ದಾಟುವವರಿಗೆ ಅಂಥ ದಂಡ ಇಲ್ಲ. ಮತ್ತೊಂದು, ‘ಬಸ್ಸಿಗೆ ಚಿಲ್ಲರೆ ಇಟ್ಟುಕೊಳ್ಳಿ’. ಲಂಡನ್ ಬಸ್ಸುಗಳು ನಗದು ತೆಗೆದುಕೊಳ್ಳುವುದನ್ನು 2014ರ ಜುಲೈನಲ್ಲೇ ನಿಲ್ಲಿಸಿವೆ.

ತಪ್ಪು ಮಾಹಿತಿಗಿಂತ ದೊಡ್ಡ ತೊಂದರೆ ಇವುಗಳ ದನಿಯಲ್ಲಿದೆ. ಅದನ್ನು ಹೇಳಲು ಅವ್ವನನ್ನು ಕರೆಯಲೇಬೇಕು.

ನಮ್ಮವ್ವನಿಗೆ ಅರವತ್ಮೂರು. ಏಳನೇ ಇಯತ್ತೆವರೆಗೆ ಓದಿದ್ದಾಳೆ. ಕನ್ನಡ ಸರಾಗ, ಇಂಗ್ಲಿಷಿನಲ್ಲಿ ಅಂಕಿ ಮತ್ತು ಒಂದಷ್ಟು ಅಕ್ಷರ. ಬೈಲಹೊಂಗಲದಿಂದ ಒಬ್ಬಳೇ ಸವದತ್ತಿ ಗುಡ್ಡಕ್ಕೆ, ಕಿತ್ತೂರಿನ ಬೀಗರ ಮನೆಗೆ, ರಾಮದುರ್ಗದ ತಂಗಿ ಮನೆಗೆ ಓಡಾಡುವವಳು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕೇಳೋದೇ ಬೇಡ, ಶೂನ್ಯ ಟಿಕೆಟ್ ಹಿಡಕೊಂಡು ತಾಲೂಕು ತಾಲೂಕು ತಿರುಗಿದಳು. ಹೋದ ವರ್ಷ ಬೇಸಿಗೆಗೆ ತಮ್ಮನ ಮನೆಗೆ ಲಂಡನ್ನಿಗೆ ಹೋದಳು. ಅವನಿರುವುದು ಈಸ್ಟ್ ಹ್ಯಾಮ್‌ನಲ್ಲಿ. ತಮಿಳರು, ಮಲಯಾಳಿಗಳು ತುಂಬಿರುವ ಜಾಗ, ಗುಡಿ ಇದೆ, ಕರಿಬೇವು ಸಿಗುವ ಅಂಗಡಿ ಇವೆ. ಅವಳು ಹೊರಡುವ ಮುಂಚೆ ತಮ್ಮ ಎಲ್ಲಿಂದಲೋ ಒಂದು ಕನ್ನಡದ ಟಿಪ್ಸ್ ಬರಹ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದ. ಅವ್ವ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಕ್ಯಗಳು ‘ಬಾರದು’, ‘ಬೇಡಿ’ ಅಂತಲೇ ಮುಗಿಯುತ್ತಿದ್ದವು. ಅಪರಿಚಿತರನ್ನು ಮಾತಾಡಿಸಬೇಡಿ. ಎಸ್ಕಲೇಟರಿನಲ್ಲಿ ಎಡಕ್ಕೆ ನಿಲ್ಲಬಾರದು. ಆ್ಯಪ್ ಇಲ್ಲದೆ ಹೊರಡಬೇಡಿ. ಕಾರ್ಡ್ ತಾಗಿಸುವುದು ಮರೆತರೆ ಹೆಚ್ಚಿನ ದುಡ್ಡು ಕಟ್.

ಆಮೇಲೆ ಅವಳು ಐದು ವಾರ ಮನೆಯಲ್ಲಿ ಕೂತಳು. ಮಗ-ಸೊಸೆ ಬೆಳಿಗ್ಗೆ ಹೋದರೆ ಸಂಜೆ ಬರುವುದು. ಶನಿವಾರ ಕರಕೊಂಡು ಹೋದರೆ ಹೊರಗೆ, ಇಲ್ಲದಿದ್ದರೆ ಕಿಟಕಿ. ನನಗೆ ಫೋನ್ ಮಾಡಿ ಒಂದಿನ ಅಂದಳು: “ಯವ್ವಾ, ಇಲ್ಲಿ ನಾ ಏನ್ ಮಾಡಿದ್ರೂ ತಪ್ಪಾಗತೈತಂತ. ಅದಕ್ಕ ಏನೂ ಮಾಡಂಗಿಲ್ಲ.” ಲಕ್ಷಾಂತರ ಜನ ಸೇರುವ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಮೊಮ್ಮಕ್ಕಳನ್ನು ಸೊಂಟಕ್ಕೆ ಹಾಕಿಕೊಂಡು ಓಡಾಡಿದ ಹೆಂಗಸು ಹೀಗೆ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಟಿಪ್ಸ್ ಬರೆಯುವವರು ಓದುಗನನ್ನು ಖಾಲಿ ಕೊಡ ಅಂದುಕೊಳ್ಳುತ್ತಾರೆ. ದೊಡ್ಡ ಊರು ತಿಳಿದವರು ನಾವು, ಸಣ್ಣ ಊರಿಂದ ಬಂದವರಿಗೆ ಏನೂ ತಿಳಿಯದು, ಅದಕ್ಕೆ ನಿಯಮ ತುಂಬಿ ಕಳಿಸಬೇಕು ಅಂತ. ನಮ್ಮ ಕಡೆ ಓಡಾಡುವವರ ಹತ್ತಿರ ಎಂಥ ತಿಳಿವಳಿಕೆ ಇದೆ ಅಂತ ಒಮ್ಮೆ ಲೆಕ್ಕ ಹಾಕಿದ್ದರೆ ಬರಹವೇ ಬೇರೆ ಆಗುತ್ತಿತ್ತು.

ಮೊದಲನೆಯದು ‘ವ್ಹಾಯಾ’. ಬೆಳಗಾವಿ ಸ್ಟ್ಯಾಂಡಿನಲ್ಲಿ ಬೈಲಹೊಂಗಲದ ಬಸ್ ಅಂದರೆ ಸಾಲದು, ಸಂಪಗಾಂವ ಮೇಲೆ ಹೋಗುವುದೋ ನೇಸರಗಿ ಮೇಲೋ ಕೇಳಬೇಕು. ಹುಬ್ಬಳ್ಳಿ-ಬೆಳಗಾವಿ ನಡುವಿನ ಬಸ್ ಹತ್ತುವ ಕಿತ್ತೂರಿನವರು ಇದು ಊರೊಳಗೆ ಹೋಗ್ತದೋ ಹೈವೇ ಮೇಲೇ ಹೋಗಿಬಿಡ್ತದೋ ಅಂತ ಕಂಡಕ್ಟರನ್ನು ಕೇಳದೆ ಕಾಲಿಡುವುದಿಲ್ಲ. ಲಂಡನ್ನಿನ ಟ್ಯೂಬಿನಲ್ಲಿ ಹೊಸಬರು ಎಡವುವುದು ಸರಿಯಾಗಿ ಇಲ್ಲೇ. ನಾರ್ದರ್ನ್ ಲೈನಿನ ಗಾಡಿಗಳು ಊರ ನಡುವೆ ‘ವ್ಹಾಯಾ ಬ್ಯಾಂಕ್’ ಇಲ್ಲವೇ ‘ವ್ಹಾಯಾ ಚೇರಿಂಗ್ ಕ್ರಾಸ್’ ಅಂತ ಎರಡು ದಾರಿ ಹಿಡಿಯುತ್ತವೆ, ಬೋರ್ಡಿನಲ್ಲೂ ಹಾಗೇ ಬರೆದಿರುತ್ತದೆ. ನೇಸರಗಿ-ಸಂಪಗಾಂವ ಗೊತ್ತಿದ್ದವರಿಗೆ ಇದನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ನಾನು ಓದಿದ ಒಂದು ಬರಹದಲ್ಲೂ ಆ ವಾಕ್ಯ ಸಿಗಲಿಲ್ಲ.

ಎರಡನೆಯದು ದಿಕ್ಕು. ಬೆಂಗಳೂರಿನಲ್ಲಿ ನಾವು ಲೆಫ್ಟು-ರೈಟು ಅಂತೀವಿ. ನಮ್ಮ ಕಡೆ ಹೊಲ-ಮನೆ ಇದ್ದವರು ಇವತ್ತಿಗೂ ಮೂಡಲ ಕಡೆ, ಪಡುವಲ ಕಡೆ ಅಂತಾರೆ. ಟ್ಯೂಬಿನ ಎಷ್ಟೋ ನಿಲ್ದಾಣಗಳಲ್ಲಿ ಪ್ಲಾಟ್‌ಫಾರ್ಮ್ ವಿಂಗಡಿಸಿರುವುದೇ ದಿಕ್ಕಿನಿಂದ: ಈಸ್ಟ್‌ಬೌಂಡ್, ವೆಸ್ಟ್‌ಬೌಂಡ್. ಈಸ್ಟ್ ಹ್ಯಾಮ್‌ನಲ್ಲಿ ಡಿಸ್ಟ್ರಿಕ್ಟ್ ಲೈನ್ ಹತ್ತುವವರು ಊರ ನಡುವೆ ಹೋಗಲು ಪಡುವಲಕ್ಕೆ, ಮನೆಗೆ ಬರಲು ಮೂಡಲಕ್ಕೆ ಹೋಗಬೇಕು. ಅವ್ವ ಕಲಿಯಬೇಕಾದದ್ದು ಎರಡು ಇಂಗ್ಲಿಷ್ ಶಬ್ದ ಮಾತ್ರ. ಹೋಗುವಾಗ ಗಾಡಿಯ ಕೊನೆಯ ಊರು ಈಲಿಂಗ್ ಇರಲಿ, ರಿಚ್ಮಂಡ್ ಇರಲಿ, ವಿಂಬಲ್ಡನ್ ಇರಲಿ, ವೆಸ್ಟ್‌ಮಿನ್‌ಸ್ಟರ್ ನಡುವೆ ಬಂದೇ ಬರುತ್ತದೆ. ಬರುವಾಗ ಮಾತ್ರ ನೋಡಿಕೊಳ್ಳಬೇಕು. ಟವರ್ ಹಿಲ್ ಅಂತಿದ್ದರೆ ಅದು ಅರ್ಧಕ್ಕೇ ನಿಲ್ಲುವ ಗಾಡಿ. ಬಾರ್ಕಿಂಗ್ ಅಥವಾ ಅಪ್‌ಮಿನ್‌ಸ್ಟರ್ ಇದ್ದರೆ ಹತ್ತಬಹುದು.

ಮೂರನೆಯದು ತಪ್ಪಿಸಿಕೊಂಡರೆ ಏನು ಮಾಡುವುದು. ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಮನೆಗಳಲ್ಲಿ ಗಾಡಿ ಇಳಿಯುತ್ತಿದ್ದ ಹಾಗೆ ಆಗುವ ಮೊದಲ ಮಾತು ಇದು. ತಪ್ಪಿದರೆ ಎಣ್ಣೆಹೊಂಡದ ಹತ್ತಿರ ನಿಂದರಬೇಕು, ಇಲ್ಲವೇ ಜೋಗುಳಬಾವಿ ಹತ್ತಿರ, ಅಲ್ಲಿಂದ ಕದಲಬಾರದು. ನಗರದ ರೈಲಿಗೆ ಇದಕ್ಕಿಂತ ಒಳ್ಳೆಯ ಟಿಪ್ ಇಲ್ಲ. ಬಾಗಿಲು ಮುಚ್ಚಿಕೊಂಡು ಒಬ್ಬರು ಗಾಡಿಯೊಳಗೆ, ಒಬ್ಬರು ಪ್ಲಾಟ್‌ಫಾರ್ಮಿನ ಮೇಲೆ ಉಳಿದರೆ, ಒಳಗಿದ್ದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲುವುದು, ಹಿಂದುಳಿದವರು ಮುಂದಿನ ಗಾಡಿಗೆ ಬರುವುದು. ಇದನ್ನು ಮೊದಲೇ ಮಾತಾಡಿಕೊಂಡಿರಬೇಕು. ನೆಲದಡಿಯಲ್ಲಿ ಫೋನ್ ಸಿಗದಿರಬಹುದು.

ಹಾಗಂತ ಊರಿನ ಜ್ಞಾನ ಎಲ್ಲ ಕಡೆ ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಹೇಳುವುದೇ ಟಿಪ್ಸಿನ ಅಸಲಿ ಕೆಲಸ. ಎಲ್ಲಕ್ಕಿಂತ ದೊಡ್ಡದು, ಲಂಡನ್ ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ. ‘ಅಜ್ಜಿ, ನಿಮ್ ಸ್ಟಾಪ್ ಬಂತ್ ನೋಡ್ರಿ’ ಅನ್ನುವವರು ಇಲ್ಲ. ಬದಲಿಗೆ ಮುಂದಿನ ಸ್ಟಾಪಿನ ಹೆಸರನ್ನು ಒಂದು ದನಿ ಹೇಳುತ್ತದೆ, ಪರದೆಯ ಮೇಲೂ ಬರುತ್ತದೆ. ಬಸ್ ಬರುತ್ತಿದ್ದರೆ ಕೈ ಮುಂದೆ ಚಾಚಬೇಕು, ಇಳಿಯಲು ಗುಂಡಿ ಒತ್ತಬೇಕು. ಮುಂದಿನ ಬಾಗಿಲಲ್ಲಿ ಹತ್ತಿ ನಡುವಿನ ಬಾಗಿಲಲ್ಲಿ ಇಳಿಯಬೇಕು. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಕಾರ್ಡ್ ತಾಗಿಸಬೇಕು, ಟ್ಯೂಬಿನಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ. ಒಬ್ಬರಿಗೆ ಒಂದೇ ಕಾರ್ಡು, ಮಗನ ಕಾರ್ಡಿನಲ್ಲಿ ಇಬ್ಬರು ಹೋಗಲಾಗದು. ಹಾಗಾಗಿ ಬಂದ ದಿನವೇ ಅವ್ವನಿಗೆ ಬೇರೆ ಆಯ್‌ಸ್ಟರ್ ಕಾರ್ಡ್ ಬೇಕು.

ಹೊತ್ತಿನ ಲೆಕ್ಕವೂ ಕೈಕೊಡುತ್ತದೆ. ‘ಹೊತ್ತು ಮುಳುಗೂದ್ರಾಗ ಮನಿ ಸೇರು’ ಅನ್ನುವ ಮಾತು ಅಲ್ಲಿ ಅಪ್ರಯೋಜಕ. ಜೂನಿನಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೆ ಸೂರ್ಯ ಮುಳುಗುತ್ತಾನೆ, ಡಿಸೆಂಬರಿನಲ್ಲಿ ನಾಲ್ಕಕ್ಕೆಲ್ಲ ಕತ್ತಲೆ. ಗಡಿಯಾರ ನೋಡಿಯೇ ಹೊರಡಬೇಕು. ಹೊಳೆಯನ್ನೂ ನಂಬುವ ಹಾಗಿಲ್ಲ. ಮಲಪ್ರಭೆ ದಂಡೆಯ ರಾಮದುರ್ಗದವರು ನೀರು ಹರಿಯುವ ಕಡೆ ನೋಡಿ ದಿಕ್ಕು ಹಿಡಿಯಬಲ್ಲರು. ಥೇಮ್ಸ್ ಲಂಡನ್ನಿನೊಳಗೆ ಸಮುದ್ರದ ಉಬ್ಬರಕ್ಕೆ ಸಿಕ್ಕ ಹೊಳೆ, ದಿನಕ್ಕೆ ಎರಡು ಸಲ ಹಿಮ್ಮುಖ ಹರಿಯುತ್ತದೆ.

ಇನ್ನು ಮೊಣಕಾಲು. ಲಂಡನ್ ಟಿಪ್ಸ್ ಎಲ್ಲ ಟ್ಯೂಬಿನಿಂದ ಶುರುವಾಗುತ್ತವೆ. ಟ್ಯೂಬಿನ 272 ನಿಲ್ದಾಣಗಳಲ್ಲಿ ಮೆಟ್ಟಿಲು ಹತ್ತದೆ ಪ್ಲಾಟ್‌ಫಾರ್ಮ್ ತಲುಪಬಹುದಾದವು ಸುಮಾರು ಮೂರನೇ ಒಂದು ಪಾಲು. ಬಸ್ಸುಗಳೆಲ್ಲ ತಗ್ಗು ನೆಲದವು. ಆಗ ಬಸ್ ದರ 1.75 ಪೌಂಡ್ ಇತ್ತು, ಒಮ್ಮೆ ಕಾರ್ಡ್ ತಾಗಿಸಿದರೆ ಒಂದು ತಾಸಿನೊಳಗೆ ಹತ್ತುವ ಬೇರೆ ಬಸ್ಸುಗಳಿಗೆ ಮತ್ತೆ ದುಡ್ಡಿಲ್ಲ. ಶಕ್ತಿ ಟಿಕೆಟಿನ ಅವ್ವ ಇದನ್ನು ಕೇಳಿ “ಹೋಗಾಕ ಹತ್ತತ್ರ ಎರಡ್ನೂರು ರೂಪಾಯಿ!” ಅಂದದ್ದು ನಿಜ. ಆದರೂ ವಯಸ್ಸಾದವರ ಟಿಪ್ಸ್ ಬಸ್ಸಿನಿಂದಲೇ ಶುರುವಾಗಬೇಕು. ಬಸ್ ಹಿಡಿಯಲು ಓದಬೇಕಾದದ್ದೂ ಕಡಿಮೆ: ಬಸ್ಸಿನ ನಂಬರು, ಮತ್ತು ದೊಡ್ಡ ಜಂಕ್ಷನ್‌ಗಳಲ್ಲಿ ಪ್ರತಿ ಸ್ಟಾಪಿನ ಕಂಬದ ಮೇಲೆ ಇರುವ ಒಂದು ಇಂಗ್ಲಿಷ್ ಅಕ್ಷರ. ನಿಂತು ಪ್ರಯಾಣ ಮಾಡಲು ಆಗದವರು ಕೇಳಿದರೆ, ದಯವಿಟ್ಟು ಸೀಟು ಬಿಡಿ ಅಂತ ಬರೆದ ಬಿಲ್ಲೆಯನ್ನು ಲಂಡನ್ ಸಾರಿಗೆ ಸಂಸ್ಥೆ ಪುಕ್ಕಟೆ ಕೊಡುತ್ತದೆ. ಭಾಷೆ ಬಾರದವರಿಗೆ ಇದು ದೊಡ್ಡ ಉಪಕಾರ. ಬಾಯಿಬಿಟ್ಟು ಕೇಳಬೇಕಾಗಿಲ್ಲ.

‘ಅಪರಿಚಿತರನ್ನು ಮಾತಾಡಿಸಬೇಡಿ’ ಅನ್ನುವ ಸಲಹೆಯಷ್ಟು ಕೇಡು ಮಾಡಿದ್ದು ಬೇರೆ ಯಾವುದೂ ಅಲ್ಲ ಅಂತ ನನ್ನ ಅಂದಾಜು. ನಮ್ಮ ಜನ ಊರು ತಿಳಿಯುವುದೇ ಕೇಳಿ ಕೇಳಿ. ಅದನ್ನು ಕಿತ್ತುಕೊಂಡರೆ ಅವರ ಕೈಲಿ ಏನು ಉಳಿಯಿತು? ಹೇಳಬೇಕಾದದ್ದು ಯಾರನ್ನು ಕೇಳಬೇಕು ಅಂತ. ಟ್ಯೂಬ್ ನಿಲ್ದಾಣಗಳ ಟಿಕೆಟ್ ಕಿಟಕಿಗಳನ್ನು 2015ರಲ್ಲಿ ಮುಚ್ಚಿದರು. ಸಿಬ್ಬಂದಿ ಈಗ ಗೇಟುಗಳ ಹತ್ತಿರವೇ ನಿಂತಿರುತ್ತಾರೆ, ದಾರಿ ಹೇಳುವುದು ಅವರ ನೌಕರಿ. ಪ್ಲಾಟ್‌ಫಾರ್ಮಿನಲ್ಲಿ ಸಹಾಯದ ಗುಂಡಿ ಇದೆ, ಮಾಹಿತಿಗೆ ಒಂದು, ತುರ್ತಿಗೆ ಒಂದು. ಹೋಗಬೇಕಾದ ಜಾಗದ ಹೆಸರನ್ನು ದೊಡ್ಡದಾಗಿ ಬರೆದ ಚೀಟಿ ತೋರಿಸಿದರೆ ಇಂಗ್ಲಿಷ್ ಬೇಕಾಗಿಲ್ಲ. ಆ ಚೀಟಿಯ ಹಿಂದೆ ಮನೆ ನಂಬರು, ಪೋಸ್ಟ್‌ಕೋಡ್ ಇರಲಿ. ಬೈಲಹೊಂಗಲದಲ್ಲಿ 591102 ಅಂದರೆ ಇಡೀ ಊರು. ಅಲ್ಲಿ ಪೂರ್ತಿ ಪೋಸ್ಟ್‌ಕೋಡ್ ಅಂದರೆ ಸರಾಸರಿ ಹದಿನೈದು ಮನೆ. ಅದೊಂದು ಇದ್ದರೆ ಯಾರಾದರೂ ನಿಮ್ಮನ್ನು ಓಣಿಯ ಬಾಯಿಗೆ ತಂದು ಬಿಡುತ್ತಾರೆ. ತುರ್ತಿಗೆ 999. ನಮ್ಮೂರಿನ 112 ಕೂಡ ಅಲ್ಲಿ ನಡೆಯುತ್ತದೆ.

ಇಷ್ಟೆಲ್ಲ ಟೀಕೆ ಮಾಡಿದ ಮೇಲೆ ಮಾದರಿ ತೋರಿಸದಿದ್ದರೆ ತಪ್ಪಾಗುತ್ತದೆ. ಆರನೇ ವಾರದಲ್ಲಿ ತಮ್ಮನ ಹೆಂಡತಿ ಆ ಪಟ್ಟಿ ಪಕ್ಕಕ್ಕಿಟ್ಟು ಅವ್ವನಿಗೆ ಒಂದೇ ಒಂದು ದಾರಿ ಹೇಳಿಕೊಟ್ಟಳು. ಎರಡು ಸಲ ಜೊತೆಗೆ ಹೋದಳು, ಮೂರನೇ ಸಲ ಹತ್ತು ಹೆಜ್ಜೆ ಹಿಂದೆ ನಡೆದಳು. ಅದು ಬಸವಣ್ಣನ ಪ್ರತಿಮೆಗೆ ಹೋಗುವ ದಾರಿ. ಲ್ಯಾಂಬೆತ್‌ನ ಮಾಜಿ ಮೇಯರ್, ನಮ್ಮ ಕಲಬುರಗಿ ಕಡೆಯ ನೀರಜ್ ಪಾಟೀಲ್ ಮುಂದಾಳತ್ವದಲ್ಲಿ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ನಿಲ್ಲಿಸಿದ ಪ್ರತಿಮೆ, 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದ್ದು. ಅವಳು ಹೇಳಿದ್ದು ಹೀಗೆ: ಪಡುವಲ ಗಾಡಿ ಹತ್ತಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಳಿ. ಹೊರಗೆ ದೊಡ್ಡ ಗಡಿಯಾರದ ಗೋಪುರ ಕಾಣ್ತದೆ. ಪಕ್ಕದ ಸೇತುವೆ ದಾಟು. ದಾಟಿ ಬಲಕ್ಕೆ ತಿರುಗಿ ದಂಡೆ ಹಿಡಿ. ಹೊಳೆ ಯಾವಾಗಲೂ ನಿನ್ನ ಬಲಗೈ ಕಡೆ ಇರಲಿ, ಎಡಗಡೆ ದೊಡ್ಡ ದವಾಖಾನೆ ಬರ್ತದೆ. ಇನ್ನೊಂದು ಸೇತುವೆ ಬಂದಾಗ ಅದನ್ನು ಹತ್ತಬೇಡ, ರಸ್ತೆ ದಾಟಿ ಅದೇ ದಂಡೆಯಲ್ಲಿ ಮುಂದೆ ನಡಿ. ಬರುವಾಗ ಹೊಳೆ ಎಡಗೈಗೆ ಇರಲಿ, ಗಾಡಿ ಮೂಡಲದ್ದಾಗಿರಲಿ.

ಇದರಲ್ಲಿ ಬೆರಗಿನ ಮಾತಿಲ್ಲ. ಒಂದೇ ಒಂದು ‘ಬೇಡ’ ಇದೆ, ಅದೂ ಸೇತುವೆಗೆ. ಅವ್ವನಿಗೆ ಹೋಗಲು ಮನಸ್ಸಿರುವ ಜಾಗ, ಅವಳಿಗೆ ಗೊತ್ತಿರುವ ಗುರುತುಗಳು, ಬಲಗೈ-ಎಡಗೈ, ಮೂಡಲ-ಪಡುವಲ. ಟಿಪ್ಸ್ ಬರೆಯುವವರು ಪುಕ್ಕಟೆಯಾಗಿ, ಒಳ್ಳೆಯ ಮನಸ್ಸಿನಿಂದ ಬರೆಯುತ್ತಾರೆ ಅಂತ ನನಗೂ ಗೊತ್ತು. ಅವರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಊರನ್ನೆಲ್ಲ ಹಂಚಲು ಹೋಗಬೇಡಿ, ಒಂದು ದಾರಿ ಬರೆಯಿರಿ. ಬರೆದ ಮೇಲೆ ನಿಮ್ಮ ಊರಿನ ಬಸ್ ಸ್ಟ್ಯಾಂಡಿನಲ್ಲಿ ಓಡಾಡುವ ಒಬ್ಬ ಹಿರಿಯರಿಗೆ ಓದಿ ಹೇಳಿ. ಅವರು ‘ಮುಂದ?’ ಅಂತ ಕೇಳಿದ ಕಡೆಯಲ್ಲೆಲ್ಲ ಏನೋ ಬಿಟ್ಟುಹೋಗಿದೆ, ತುಂಬಿರಿ.

ಈ ವರ್ಷ ರಾಮದುರ್ಗದ ಚಿಗವ್ವ ಮಗಳ ಮನೆಗೆ ಲಂಡನ್ನಿಗೆ ಹೊರಟಿದ್ದಾಳೆ. ಮೊನ್ನೆ ಅವ್ವ ಅವಳಿಗೆ ಫೋನಿನಲ್ಲಿ ಹೇಳುತ್ತಿದ್ದಳು: “ನಿನ್ನ ಕಾರ್ಡ್ ನಿನ್ನ ಹಂತ್ಯಾಕನ ಇಟಗೋ. ಬಸ್ ಬಂದ್ರ ಕೈ ಮಾಡು, ಇಲ್ಲಂದ್ರ ನಿಂದ್ರಂಗಿಲ್ಲ. ಚೀಟಿ ಕುಬಸದಾಗ ಇರ್ಲಿ. ಬಸವಣ್ಣನ ಕಡೆ ಹೋಗಾಗ ಹೊಳಿ ಬಲಕ್ಕ. ತಪ್ಪಿದ್ರ ಅಂಜಬ್ಯಾಡ, ಗೇಟಿನ ಹಂತ್ಯಾಕ ನಿಂತವರನ್ನ ಕೇಳು, ಹೇಳ್ತಾರ.” ಹತ್ತು ನಿಮಿಷದ ಮಾತು. ನಾನು ಎರಡು ವರ್ಷದಲ್ಲಿ ಓದಿದ್ದರಲ್ಲಿ ಇದಕ್ಕೆ ಸಮ ಬರುವ ಟಿಪ್ಸ್ ಬರಹ ಇನ್ನೂ ಸಿಕ್ಕಿಲ್ಲ.